ಬೆಚ್ಚಗಿನ ಚೀಲ

ನನ್ನ ಹೆಂಡತಿಗೆ ಗಾಜಿನ ಲೋಟದಲ್ಲಿ ನೀರು ಕೊಡಬಾರದು. ಕೊಟ್ಟರೆ ತಕ್ಷಣ ಕುಡಿಯುವುದಿಲ್ಲ. ಮೊದಲು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಕಿರಿದು ಮಾಡಿಕೊಂಡು, ಲೋಟದ ಆಚೆ ಗೋಡೆಯ ಕ್ಯಾಲೆಂಡರಿನ ಅಕ್ಷರ ಓದಲು ಬರುತ್ತದೆಯೇ ಎಂದು ನೋಡುತ್ತಾಳೆ. ಬಂದರೆ ಮಾತ್ರ ತುಟಿಗೆ ಇಡುತ್ತಾಳೆ. "ನೀರು ಕಣೇ ಅದು, ಕುಡಿ," ಎಂದು ನಾನು ರೇಗುತ್ತೇನೆ. "ಅಭ್ಯಾಸ ರೀ," ಎನ್ನುತ್ತಾಳೆ. ನೆಂಟರ ಮನೆಯಲ್ಲೂ ಹೀಗೇ ಮಾಡಿ ನನ್ನ ಮಾನ ಕಳೆದಿದ್ದಾಳೆ. ಅತ್ತಿಗೆಗೆ ನಮ್ಮನೆ ನೀರಿನ ಮೇಲೂ ಅನುಮಾನ ಎಂದು ನನ್ನ ತಂಗಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈ ಅಭ್ಯಾಸ ಅಂಟಿದ್ದು ಕೆಲಸದಿಂದ. ಅವಳು ಆಸ್ಪತ್ರೆಯ ನರ್ಸ್, ಆದರೆ ವಾರ್ಡಿನಲ್ಲಿ ಕೂರುವವಳಲ್ಲ, ಮನೆಮನೆ ತಿರುಗುವವಳು. ಕಿಡ್ನಿ ಕೈಕೊಟ್ಟವರಿಗೆ, ಇನ್ನೊಬ್ಬರ ಕಿಡ್ನಿ ಸಿಗುವ ಅದೃಷ್ಟವಿಲ್ಲದಿದ್ದರೆ, ಉಳಿಯುವುದು ಎರಡು ದಾರಿ. ಒಂದು, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಮಲಗುವುದು. ಯಂತ್ರವು ರಕ್ತವನ್ನು ಹೊರಗೆಳೆದು, ತೊಳೆದು, ಮತ್ತೆ ಒಳಗೆ ಬಿಡುತ್ತದೆ. ಇನ್ನೊಂದು ಹೊಟ್ಟೆಯ ದಾರಿ. ಹೊಕ್ಕಳ ಪಕ್ಕ ಒಂದು ಮೆತ್ತನೆಯ ಟ್ಯೂಬ್ ಕೂರಿಸುತ್ತಾರೆ. ಚೀಲದಲ್ಲಿರುವ ದ್ರವವನ್ನು ಅದರಿಂದ ಹೊಟ್ಟೆಗೆ ಬಿಟ್ಟುಕೊಂಡು, ಕೆಲವು ಗಂಟೆ ಒಳಗಿಟ್ಟುಕೊಂಡು, ಕೊಳೆ ಹೀರಿಕೊಂಡ ಮೇಲೆ ಇನ್ನೊಂದು ಚೀಲಕ್ಕೆ ಹರಿಸಿ, ಮತ್ತೆ ಹೊಸದನ್ನು ತುಂಬಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ. ಹೊಟ್ಟೆಯ ದಾರಿ ಹಿಡಿದವರು ಆ ದಾರಿಯಲ್ಲೇ ಉಳಿಯುವಂತೆ ನೋಡಿಕೊಳ್ಳುವುದು ನಮ್ಮವಳ ಕೆಲಸ. ಹೊರಬಂದ ದ್ರವ ತಿಳಿಯಾಗಿದ್ದರೆ ಎಲ್ಲ ಕ್ಷೇಮ, ಮಬ್ಬಾಗಿದ್ದರೆ ಒಳಗೆ ಸೋಂಕು. ಚೀಲದ ಹಿಂದೆ ಹಳೆಯ ಪೇಪರ್ ಹಿಡಿದು ಅಕ್ಷರ ಕಾಣುತ್ತದೆಯೇ ಎಂದು ನೋಡುವುದು ಅವಳು ಎಲ್ಲರಿಗೂ ಹೇಳಿಕೊಡುವ ಮೊದಲ ಪಾಠ. ರೋಗಿಗಳು ಅವಳಿಗೆ ಇಟ್ಟ ಹೆಸರು ಟ್ಯೂಬಕ್ಕ.

ನಾನು ಟೈಲರ್. ಸ್ಕೂಟರ್ ಕಲಿಯೇ ಎಂದು ಹೇಳಿ ಹೇಳಿ ಸಾಕಾಗಿ, ಮಧ್ಯಾಹ್ನ ಅಂಗಡಿ ಮುಚ್ಚಿ ನಾನೇ ಅವಳನ್ನು ಹಿಂದೆ ಕೂರಿಸಿಕೊಂಡು ತಿರುಗತೊಡಗಿದೆ. ತಿರುಗುತ್ತ ತಿರುಗುತ್ತ ನನಗೂ ಕೆಲಸ ಗಂಟುಬಿತ್ತು. ಟ್ಯೂಬ್ ಜೋತಾಡದ ಹಾಗೆ ಸೊಂಟಕ್ಕೆ ಕಟ್ಟಿಕೊಳ್ಳಲು ಹತ್ತಿಬಟ್ಟೆಯ ಪಟ್ಟಿ ಬೇಕು. ಅಂಗಡಿಯಲ್ಲಿ ಸಿಗುವ ಪಟ್ಟಿಗಳು ಚುಚ್ಚುತ್ತವೆ. ನಾನು ಹೊಲಿದದ್ದು ಚುಚ್ಚುವುದಿಲ್ಲ. ಪಾಠ ಮಾಡಲೆಂದು ಅವಳಿಗೊಂದು ಬಟ್ಟೆಯ ಹೊಟ್ಟೆಯನ್ನೂ ಹೊಲಿದುಕೊಟ್ಟೆ, ಒಳಗೆ ಹತ್ತಿ ತುರುಕಿ, ಹೊಕ್ಕಳಿಗೆ ಕೋಟಿನ ಗುಂಡಿ ಹಾಕಿ. "ನಿಮ್ಮ ಹೊಟ್ಟೆದೇ ಅಳತೆ ತಗೊಂಡ್ರಾ?" ಎಂದಳು.

ಆ ಬಟ್ಟೆಯ ಹೊಟ್ಟೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಕಲಿತದ್ದು ಬೆತ್ತದವನ ತಾಯಿ.

ಬೆತ್ತದವನು ಎಂದರೆ ಬೆತ್ತದ ಕುರ್ಚಿ ಹೆಣೆಯುವವನು. ಸಕ್ಕರೆ ಕಾಯಿಲೆ ಮೊದಲು ಅವನ ಕಣ್ಣು ಮಂಜು ಮಾಡಿ, ಆಮೇಲೆ ಕಿಡ್ನಿಗೆ ಕೈ ಹಾಕಿತ್ತು. ಮುಖ ಹತ್ತಿರ ತಂದರೆ ಯಾರೆಂದು ಗೊತ್ತಾಗುತ್ತಿತ್ತು, ಸೂಜಿಗೆ ದಾರ ಪೋಣಿಸು ಎಂದರೆ ಆಗುತ್ತಿರಲಿಲ್ಲ. ಆದರೆ ಕುರ್ಚಿ ಹೆಣೆಯಲು ಅವನಿಗೆ ಕಣ್ಣು ಬೇಕಿರಲಿಲ್ಲ. ನೆನೆಸಿದ ಬೆತ್ತದ ಎಳೆಯನ್ನು ಚೌಕಟ್ಟಿನ ತೂತಿನಲ್ಲಿ ತೂರಿಸಿ, ಎರಡೂ ಕೈಯಿಂದ ಜಗ್ಗಿ, ಹೆಬ್ಬೆರಳಿನಿಂದ ಮೀಟಿ ನೋಡುತ್ತಿದ್ದ. ಬಿಗಿ ಸಾಲದಿದ್ದರೆ ಬಿಚ್ಚುತ್ತಿದ್ದ. ರಸ್ತೆಗೆ ತೆರೆದ ಒಂದೇ ದೊಡ್ಡ ಕೋಣೆ, ಒಂದು ಮೂಲೆಯಲ್ಲಿ ತಳ ಕಿತ್ತುಹೋದ ಕುರ್ಚಿಗಳ ರಾಶಿ, ಇನ್ನೊಂದು ಮೂಲೆಯಲ್ಲಿ ದ್ರವದ ಚೀಲಗಳ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ. ನಡುವೆ ಅವನು ಮಣೆಯ ಮೇಲೆ ಕೂತು ಹರಟೆ ಹೊಡೆಯುತ್ತಿದ್ದ.

"ಟೈಲರಣ್ಣ, ಮದುವೆಗೆ ಹೆಣ್ಣು ನೋಡೋಕೆ ಹೋದ್ರೆ ಈ ಪಟ್ಟಿ ಕಾಣಬಾರ್ದು ನೋಡಿ. ಆ ತರ ಒಂದು ಅಂಗಿ ಹೊಲ್ಕೊಡಿ."

"ಪಟ್ಟಿ ಮುಚ್ಚಬಹುದಪ್ಪ, ನಿನ್ನ ಬಾಯಿ ಏನು ಮಾಡ್ಲಿ?" ಎಂದರೆ ಬೀದಿಗೆ ಕೇಳುವ ಹಾಗೆ ನಗುತ್ತಿದ್ದ.

ಅವನು ಯಂತ್ರದ ದಾರಿ ಬೇಡವೆಂದದ್ದು ಕೈಗಾಗಿ. ಯಂತ್ರಕ್ಕೆ ಕಟ್ಟಿಕೊಳ್ಳುವವರಿಗೆ ಒಂದು ತೋಳಿನ ರಕ್ತನಾಳಗಳನ್ನು ಕತ್ತರಿಸಿ ಜೋಡಿಸುತ್ತಾರೆ. ಆಮೇಲೆ ಆ ತೋಳನ್ನು ಜೋಪಾನ ಮಾಡಬೇಕು, ಭಾರ ಎತ್ತಬಾರದು, ಜಗ್ಗಾಡಬಾರದು. ಜಗ್ಗದೆ ಕುರ್ಚಿ ಹೆಣೆಯುವುದು ಹೇಗೆ? "ಕಣ್ಣು ಹೋಯ್ತು, ಹೋಗ್ಲಿ. ಕೈ ಬಿಟ್ಟುಕೊಡಲ್ಲ ಅಕ್ಕ," ಎಂದು ನಮ್ಮವಳಿಗೆ ಮೊದಲ ದಿನವೇ ಹೇಳಿದ್ದ. ಇವಳೂ ಹೂಂ ಎಂದುಬಿಟ್ಟಿದ್ದಳು. ಹೂಂ ಎಂದರೆ ಇವಳ ಪ್ರಕಾರ ಬರೆದುಕೊಟ್ಟ ಹಾಗೆ.

ಆದರೆ ಟ್ಯೂಬಿನ ಬಾಯಿಗೆ ಚೀಲದ ಬಾಯಿ ಜೋಡಿಸಲು ಕಣ್ಣು ಬೇಕು. ಆ ಕ್ಷಣದಲ್ಲಿ ಬೆರಳು ತಾಗಬಾರದು, ಗಾಳಿ ಬೀಸಬಾರದು, ಕೆಮ್ಮಬಾರದು. ಹಾಗಾಗಿ ಆ ಕೆಲಸ ಅವನ ತಾಯಿಗೆ ಬಿತ್ತು. ನನ್ನ ಭುಜಕ್ಕೂ ಬರದ ಮುದುಕಿ, ಓದು ಬರಹ ಇಲ್ಲ. "ಅಕ್ಷರ ಓದೋದು ಬೇಡಮ್ಮ, ಇರುವೆ ಸಾಲಿನ ತರ ಕರ್ರಗೆ ಬೇರೆ ಬೇರೆ ಕಾಣುತ್ತಾ ಅಷ್ಟು ನೋಡಿ," ಎಂದು ನಮ್ಮವಳು ಹೇಳಿಕೊಟ್ಟಳು. ಮುದುಕಿ ಬಟ್ಟೆಯ ಹೊಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೈ ಪಳಗುವವರೆಗೆ ಬಿಡಲಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ ಅವಳು ಕೈ ತೊಳೆಯುವ ಚಂದ ನೋಡಿ ನಮ್ಮವಳು ಬೇರೆ ಮನೆಗಳಲ್ಲಿ ಅವಳದೇ ಉದಾಹರಣೆ ಕೊಡತೊಡಗಿದಳು. ಯಾರಾದರೂ ಮಗನ ಆರೋಗ್ಯ ವಿಚಾರಿಸಿದರೆ ಮುದುಕಿ ಎರಡೂ ಅಂಗೈ ಮುಂದೆ ಚಾಚುತ್ತಿದ್ದಳು.

"ಅವನ ಕಿಡ್ನಿ ಎಲ್ಲಿದೆ ಅಂತೀರಾ? ಇಲ್ಲಿದೆ ನೋಡಿ, ಎರಡೂ."

ತಿಂಗಳುಗಟ್ಟಲೆ ಹೀಗೇ ನಡೆಯಿತು. ಆಮೇಲೆ ಚಳಿಗಾಲ ಬಂತು, ಮೊದಲನೆಯ ಸೋಂಕೂ ಬಂತು. ಹೊಟ್ಟೆನೋವು, ಜ್ವರ, ಚೀಲದಲ್ಲಿ ಮಬ್ಬು. ಚೀಲದಲ್ಲೇ ಔಷಧಿ ಬೆರೆಸಿ ಬಿಟ್ಟರು, ಇಳಿಯಿತು. ಚಳಿ ಮುಗಿಯುವುದರೊಳಗೆ ಎರಡನೆಯದು. ಡಾಕ್ಟರು ನಮ್ಮವಳನ್ನು ಕರೆದು, ಇನ್ನೊಂದು ಸಲ ಬಂದರೆ ಟ್ಯೂಬ್ ತೆಗೆದುಬಿಡುತ್ತೇನೆ, ಹೊಟ್ಟೆಯೊಳಗೆ ಸೋಂಕು ಹರಡಿದರೆ ಜೀವಕ್ಕೇ ಕುತ್ತು ಎಂದರು. ತಪ್ಪೇನೂ ಹೇಳಲಿಲ್ಲ. ನಮ್ಮವಳ ಮುಖ ಮಾತ್ರ ಸಣ್ಣಗಾಯಿತು.

ಅಲ್ಲಿಂದ ಅವಳು ಪತ್ತೇದಾರಿಗೆ ಇಳಿದಳು. ಮುದುಕಿಯ ಉಗುರು ನೋಡಿದಳು, ಬೆತ್ತದವನ ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ ಪರೀಕ್ಷೆಗೆ ಕಳಿಸಿದಳು, ಫ್ಯಾನಿನ ರೆಕ್ಕೆ ಒರೆಸಿಸಿದಳು, ಕಿಟಕಿಯ ಸಂದಿಗೆ ಬಟ್ಟೆ ತುರುಕಿಸಿದಳು. ಚೀಲ ಬದಲಾಯಿಸುವುದನ್ನು ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮುದುಕಿಯ ಕೈಯಲ್ಲಿ ಒಂದು ತಪ್ಪಿಲ್ಲ. ಚೀಲ ಕೂಡ, ಹೇಳಿಕೊಟ್ಟ ಹಾಗೆ, ಕರೆಂಟಿನ ಬಿಸಿ ಪ್ಯಾಡಿನ ಮೇಲೆ ಬೆಚ್ಚಗೆ ಕಾದು ಕೂತಿರುತ್ತಿತ್ತು. ಕೊನೆಗೆ ಬೆತ್ತದ ಮೇಲೆ ಅನುಮಾನ ಬಂತು. ಬೆತ್ತ ಸೀಳಿದಾಗ ಏಳುವ ಪುಡಿ, ನೆನೆಸಿಟ್ಟ ಬಕೆಟ್ಟಿನ ಹಳಸು ನೀರು.

"ಕುರ್ಚಿ ಕೆಲಸ ಇನ್ನು ಒಳಗೆ ಬೇಡಪ್ಪ. ಹೊರಗೆ ಜಗಲಿ ಮೇಲೆ ಮಾಡ್ಕೋ," ಎಂದಳು.

ಅವನ ನಗು ಅರ್ಧಕ್ಕೆ ನಿಂತಿತು. "ಜಗಲಿ ಮೇಲೆ ಚಳಿ ಅಕ್ಕ. ಬೆರಳು ಮರಗಟ್ಟಿದ್ರೆ ಎಳೆ ಗೊತ್ತಾಗಲ್ಲ."

"ಟ್ಯೂಬ್ ಬೇಕೋ ಬೇಡ್ವೋ?"

ಅವನು ಎದ್ದು ಕುರ್ಚಿ ಹೊರಗೆಳೆದ. ನಾನು ಜಗಲಿಗೂ ಕೋಣೆಗೂ ನಡುವೆ ದಪ್ಪ ಬಟ್ಟೆಯ ಪರದೆ ಹೊಲಿದು ಕಟ್ಟಿದೆ. ಹೊಲಿಗೆ ಚೆನ್ನಾಗಿ ಬಂದಿತ್ತು. ಆ ಪರದೆಯ ಹೊರಗೆ ಅವನು ತಲೆಗೆ ಮಫ್ಲರ್ ಸುತ್ತಿ, ಬೆರಳಿಗೆ ಊದಿಕೊಳ್ಳುತ್ತ ಬೆತ್ತ ಜಗ್ಗುವುದನ್ನು ನೋಡಿದಾಗೆಲ್ಲ ನನಗೆ ನನ್ನ ಹೊಲಿಗೆಯ ಮೇಲೇ ಸಿಟ್ಟು ಬರುತ್ತಿತ್ತು. ಆದರೂ ಎರಡು ತಿಂಗಳು ಚೀಲ ತಿಳಿಯಾಗಿತ್ತು. ನಮ್ಮವಳು ಗೆದ್ದೆ ಎಂದುಕೊಂಡಳು. ನಾನೂ ಹಾಗೇ ಎಂದುಕೊಂಡೆ.

ಒಂದು ಮಧ್ಯಾಹ್ನ ಮುದುಕಿಯ ಫೋನು ಬಂತು. "ಇರುವೆ ಸಾಲು ಕಾಣ್ತಿಲ್ಲ ಕಣಮ್ಮ."

ನಾವು ಪಕ್ಕದ ಬೀದಿಯಲ್ಲೇ ಇದ್ದೆವು. ಮುದುಕಿ ನಮ್ಮನ್ನು ಅಷ್ಟು ಬೇಗ ನಿರೀಕ್ಷಿಸಿರಲಿಲ್ಲ. ಪರದೆ ಸರಿಸಿ ಒಳಗೆ ಹೋದರೆ ಬೆತ್ತದವನು ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಮುದುರಿದ್ದ. ಮುದುಕಿ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಅಲ್ಯುಮಿನಿಯಂ ಪಾತ್ರೆ, ಅದರ ತುಂಬ ಹಬೆಯಾಡುವ ನೀರು, ನೀರಿನೊಳಗೆ ಹೊಸ ಚೀಲ. ಮೇಲಿನ ಕವರ್ ಬಿಚ್ಚಿತ್ತು. ಚೀಲದ ಬಾಯಿಯನ್ನು ಎರಡು ಬೆರಳಲ್ಲಿ ನೀರಿನಿಂದ ಮೇಲೆ ಎತ್ತಿ ಹಿಡಿದಿದ್ದಳು. ಬಿಸಿಗೆ ಬೆರಳು ಕೆಂಪಾಗಿದ್ದವು.

ನಮ್ಮವಳು ನಿಂತಲ್ಲೇ ನಿಂತಳು. "ಏನಮ್ಮ ಇದು?"

"ಚೀಲ ಬೆಚ್ಚಗೆ ಮಾಡ್ತಿದೀನಿ. ಹೊಸದು ಹಾಕಿದ್ರೆ ನೋವು ಇಳಿಯುತ್ತೇನೋ ಅಂತ."

"ಪ್ಯಾಡ್ ಇದೆಯಲ್ಲಮ್ಮ?"

"ಅದು ಯಾವ ಕಾಲಕ್ಕೆ ಬಿಸಿಯಾಗೋದು? ಚಳಿ ಶುರುವಾದಾಗ ತಣ್ಣಗೆ ಇಳಿದು ಮಗು ಗಡಗಡ ನಡುಗ್ತಿತ್ತು. ನೀವು ಒಲೆ ಮೇಲೆ ಇಡಬೇಡಿ ಅಂದಿದ್ರಿ, ನಾನು ಇಡಲ್ಲಪ್ಪ. ನೀರು ಕಾಯಿಸಿ ಕೆಳಗಿಳಿಸಿ ಆಮೇಲೇ ಹಾಕೋದು. ಕವರ್ ಇದ್ರೆ ಕಾವು ಒಳಗೆ ಹೋಗಲ್ಲ. ಬಾಯಿಗೆ ನೀರು ತಾಗಬಾರ್ದು ಅಂತ ಹೀಗೆ ಎತ್ತಿ ಹಿಡ್ಕೊಂಡೇ ಇರ್ತೀನಿ. ಆಮೇಲೆ ಒಗೆದ ಬಟ್ಟೆಯಲ್ಲಿ ಒರೆಸಿ ಪ್ಯಾಡ್ ಮೇಲೆ ಇಡ್ತೀನಿ, ಬಿಸಿ ಆರಬಾರ್ದಲ್ಲ."

ಹೇಳುವಾಗ ಅವಳ ದನಿಯಲ್ಲಿ ಕಳ್ಳತನವಿರಲಿಲ್ಲ. ಚೊಕ್ಕವಾಗಿ ಮಾಡಿದ ಕೆಲಸವನ್ನು ಕೇಳಿದವರಿಗೆ ವಿವರಿಸುವ ದನಿ ಅದು. ಬೆಂಕಿ ಬೇಡ, ಬಿಸಿಲು ಬೇಡ, ಬಾಯಿಗೆ ನೀರು ತಾಕಿಸಬೇಡಿ ಎಂದು ನಮ್ಮವಳು ಮೊದಲ ವಾರವೇ ಹೇಳಿದ್ದಳು. ಮುದುಕಿ ಅದರಲ್ಲಿ ಒಂದನ್ನೂ ಮೀರಿದ್ದೇನೆಂದು ಅಂದುಕೊಂಡಿರಲಿಲ್ಲ. ಒದ್ದೆ ಚೀಲದ ಒಂದು ಹನಿ ಜಾರಿ ಬಾಯಿಯ ಸಂದಿಯಲ್ಲಿ ಕೂತರೆ ಸಾಕು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ನನ್ನ ಹೆಂಡತಿಯ ನಾಲಿಗೆಗೆ ಡಾಕ್ಟರೂ ಹೆದರುತ್ತಾರೆ. ಅಂಥವಳು ಆ ಹೊತ್ತು ನೆಲದ ಮೇಲೆ ಕೂತುಬಿಟ್ಟಳು. ಮೆಲ್ಲಗೆ, "ಅಮ್ಮಾ, ನೀರಲ್ಲಿ ಹಾಕಬಾರ್ದಿತ್ತು," ಎಂದಳು.

ಮುದುಕಿ ಚೀಲ ನೋಡಿದಳು, ಪಾತ್ರೆ ನೋಡಿದಳು, ಮಂಚದ ಕಡೆ ನೋಡಿದಳು. "ಹಾಗಾದ್ರೆ... ಮೂರು ಸಲಾನೂ ನಾನೇನಾ?"

"ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ. ಬೇರೆ ಏನಾದ್ರೂ ಇರಬಹುದು. ಇಷ್ಟೇ ಕಾರಣ ಅಂತ ಯಾರೂ ಹೇಳೋಕಾಗಲ್ಲ."

ಅದು ಸತ್ಯವೇ. ಆದರೆ ಮುದುಕಿಯ ಕಿವಿಗೆ ಬಿದ್ದದ್ದು ನೀರಲ್ಲಿ ಹಾಕಬಾರದಿತ್ತು ಎಂಬ ಮೊದಲಿನ ಮಾತು ಮಾತ್ರ. ಚೀಲದ ಬಾಯಿ ಹಿಡಿದಿದ್ದ ಬೆರಳು ಸಡಿಲಾಗಿ, ಅದು ನೀರಿನೊಳಗೆ ಮುಳುಗಿತು.

"ಅಕ್ಕ, ಅವಳಿಗೆ ಏನೂ ಹೇಳಬೇಡಿ," ಎಂದ ಬೆತ್ತದವನು ಮಂಚದಿಂದ. "ನಂಗೆ ಬೆಚ್ಚಗಿತ್ತು. ಹೇಗೆ ಅಂತ ನಾನೂ ಕೇಳ್ಲಿಲ್ಲ."

ಆಸ್ಪತ್ರೆಗೆ ಸೇರಿಸಿ ಮನೆಗೆ ಬರುವಾಗ ದಾರಿಯಲ್ಲಿ ನಾನು ಹೆಂಡತಿಯ ಮೇಲೆ ಹರಿಹಾಯ್ದೆ. "ಇವತ್ತೇ ಹೇಳಬೇಕಿತ್ತಾ ನಿಂಗೆ? ಆ ಮುಖ ನೋಡಿದ್ಯಾ?"

"ಯಾವತ್ತು ಹೇಳ್ಲಿ ಹೇಳಿ. ಟ್ಯೂಬ್ ಮತ್ತೆ ಹಾಕಿದ್ರೆ ಮತ್ತೆ ಆ ಪಾತ್ರೆ ಇಡ್ತಾರೆ. ಸುಮ್ಮನಿದ್ದು ಅವನನ್ನ ಸಾಯಿಸ್ಲಾ?" ಎಂದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಬೆನ್ನಿಗೆ ಹಣೆ ಆನಿಸಿ, "ಬೆತ್ತದ ಮೇಲೆ ತಪ್ಪು ಹೊರಿಸಿ ಅವನನ್ನ ಚಳಿಗೆ ಹಾಕಿದೆನಲ್ಲ ರೀ. ಚೀಲ ಹೇಗೆ ಬಿಸಿ ಮಾಡ್ತೀರಿ ಅಂತ ಒಂದೇ ಒಂದು ಸಲ ಕೇಳಲಿಲ್ಲ," ಎಂದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಸಿಟ್ಟಾಗಲು ಯಾರಾದರೂ ಒಬ್ಬರು ಬೇಕಲ್ಲ, ಅಲ್ಲಿ ಯಾರೂ ಇರಲಿಲ್ಲ.

ಟ್ಯೂಬ್ ತೆಗೆದರು. ಕುತ್ತಿಗೆಗೆ ಒಂದು ಕೊಳವೆ ಹಾಕಿ ಯಂತ್ರಕ್ಕೆ ಕಟ್ಟಿದರು. ಇದು ತಾತ್ಕಾಲಿಕ ಎಂದರು. ಹೊಟ್ಟೆ ವಾಸಿಯಾದ ಮೇಲೆ ಡಾಕ್ಟರೇ ನಮ್ಮವಳನ್ನು ಕರೆದು, ಇನ್ನೊಂದು ಟ್ಯೂಬ್ ಹಾಕಲು ಅಡ್ಡಿಯಿಲ್ಲ, ಆದರೆ ಮನೆಯಲ್ಲಿ ಮಾಡುವವರು ಇರಬೇಕು ಎಂದರು. ಆ ದಿನ ನಮ್ಮವಳು ಸ್ಕೂಟರ್ ನಿಲ್ಲುವ ಮೊದಲೇ ಇಳಿದು ಬೆತ್ತದವನ ಮನೆಯೊಳಗೆ ಓಡಿದಳು. ಬಗಲಲ್ಲಿ ಬಟ್ಟೆಯ ಹೊಟ್ಟೆ.

"ಅಮ್ಮಾ, ಒಪ್ಪಿದ್ರು! ಬನ್ನಿ, ಇನ್ನೊಂದು ಸಲ ಕೈ ಆಡಿಸೋಣ. ಪ್ಯಾಡ್ ಕೂಡ ಹೊಸದು ತಂದಿದೀನಿ, ಬೇಗ ಕಾಯುತ್ತೆ."

ಮುದುಕಿ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಶಾಲೆಯಲ್ಲಿ ಹೊಡೆತಕ್ಕೆ ಹೆದರಿದ ಮಕ್ಕಳು ಇಟ್ಟುಕೊಳ್ಳುವ ಹಾಗೆ.

"ಬೇಡಮ್ಮ. ಈ ಕೈ ಬೇಡ."

"ಅಮ್ಮ, ನಿಮ್ಮಷ್ಟು ಚೆನ್ನಾಗಿ ಮಾಡೋರು ನಂಗೆ ಇನ್ನೊಬ್ರು ಸಿಕ್ಕಿಲ್ಲ."

"ಚೆನ್ನಾಗಿ ಮಾಡಿಯೇ ಹಾಗಾಯ್ತಲ್ಲ."

ಬೆತ್ತದವನು ತಡವರಿಸುತ್ತ ಎದ್ದು ಬಂದು ತಾಯಿಯ ಭುಜ ಹಿಡಿದ. "ಅಮ್ಮ, ಯಂತ್ರಕ್ಕೆ ತೋಳು ಕೊಯ್ಸಿಕೊಂಡ್ರೆ ನಾನು ಏನು ಮಾಡ್ಲಿ? ನೀನೇ ಬೇಕು ಕಣೇ."

"ತೋಳು ತಾನೇ ಹೋಗೋದು. ನಾನು ಮುಟ್ಟಿದ್ರೆ ನೀನೇ ಹೋಗ್ತೀಯ," ಎಂದಳು ಮುದುಕಿ.

ನಮ್ಮವಳು ಬಿಡುವ ಪೈಕಿಯಲ್ಲ. ವಾರ ವಾರ ಹೋದಳು. ಬೈದಳು, ಮುದ್ದು ಮಾಡಿದಳು, ಹೊಸ ಚೀಲ ಕೈಗಿಟ್ಟಳು. ಮುದುಕಿ ಅದನ್ನು ಬಿಸಿ ಕೆಂಡದ ಹಾಗೆ ನೆಲದ ಮೇಲೆ ಇಟ್ಟುಬಿಡುತ್ತಿದ್ದಳು. ನಮ್ಮವಳು ನೆರೆಹೊರೆಯವರನ್ನು ಕೇಳಿದಳು, ಅಯ್ಯೋ ಪಾಪ ಎಂದರು, ಕೈ ಮುಂದೆ ಮಾಡಲಿಲ್ಲ. ಒಂದು ದಿನ ತಡೆಯಲಾರದೆ ನಾನೇ, "ನಂಗೇ ಕಲಿಸೇ. ನಾನೇ ಹೋಗಿ ಮಾಡ್ತೀನಿ," ಎಂದೆ.

ಅವಳು ನನ್ನನ್ನು ನೋಡಿದಳು. "ದಿನಕ್ಕೆ ನಾಲ್ಕು ಸಲ ರೀ. ಇವತ್ತಲ್ಲ, ಈ ತಿಂಗಳಲ್ಲ, ಅವನು ಇರೋವರೆಗೂ. ಬೆಳಗ್ಗೆ ಅವನು ಏಳೋ ಹೊತ್ತಿಗೆ, ಮಲಗೋ ಹೊತ್ತಿಗೆ. ಆಗುತ್ತಾ ನಿಮ್ಮ ಕೈಲಿ?"

ನಾನು ಅಂಗಡಿಯಲ್ಲಿ ನೇತುಹಾಕಿದ್ದ ಅರ್ಧ ಹೊಲಿದ ಬಟ್ಟೆಗಳ ಕಡೆ ನೋಡಿದೆ. ಆ ಮುದುಕಿ ಒಂದು ವರ್ಷಕ್ಕೂ ಹೆಚ್ಚು ಕಾಲ ಏನು ಹೊತ್ತಿದ್ದಳು ಎಂದು ನನಗೆ ಸರಿಯಾಗಿ ಗೊತ್ತಾದದ್ದು ಆವತ್ತು.

ಕೊನೆಗೆ ಅವನ ಎಡ ತೋಳಿನ ನಾಳ ಕೊಯ್ದು ಜೋಡಿಸಿ ಯಂತ್ರಕ್ಕೆ ಕಟ್ಟಿದರು. ಪರದೆ ಬಿಚ್ಚಿಕೊಂಡು ಬನ್ನಿ ಎಂದು ನಮ್ಮವಳು ನನ್ನನ್ನು ಕಳಿಸಿದಳು. ಇನ್ನು ಅವನು ಒಳಗೇ ಕೂತು ಕೆಲಸ ಮಾಡಬಹುದಾಗಿತ್ತು. ಮಾಡಲು ಎರಡು ಕೈ ಇರಲಿಲ್ಲ. ಒಂದು ಕೈಯಲ್ಲಿ ಎಳೆ ತೂರಿಸುತ್ತಾನೆ, ಜಗ್ಗಲು ಆಗುವುದಿಲ್ಲ. ಅವನು ಕಷ್ಟಪಟ್ಟು ಮುಗಿಸಿದ ಒಂದು ಸ್ಟೂಲಿನ ಮೇಲೆ ನಾನು ಕೂತೆ. ಬೆತ್ತ ಜೋಲಿಯ ಹಾಗೆ ಕೆಳಗಿಳಿಯಿತು. "ನಿಮ್ಮ ಭಾರಕ್ಕೆ ಬಿಡಿ, ಟೈಲರಣ್ಣ," ಎಂದ. ನಗಬೇಕಿತ್ತು, ನಮ್ಮಿಬ್ಬರಿಗೂ ಆಗಲಿಲ್ಲ.

ನಮ್ಮವಳಿಗೆ ಅವನು ಈಗ ರೋಗಿಯೂ ಅಲ್ಲ, ಯಂತ್ರದವರ ಪಾಲು. ಆದರೂ ಆಸ್ಪತ್ರೆಗೆ ಹೋದಾಗೆಲ್ಲ ಅವಳು ಯಂತ್ರದ ಕೋಣೆಯ ಕಡೆ ಹಾಯ್ದು ಬರುತ್ತಾಳೆ. ಮೊನ್ನೆ ನಾನೂ ಜೊತೆಗಿದ್ದೆ. ಆ ಕೋಣೆ ಯಾವಾಗಲೂ ತಣ್ಣಗೆ ಕೊರೆಯುತ್ತದೆ. ರಕ್ತ ಹೊರಗೆ ಹೋಗಿ ಬರುವಾಗ ಮೈಯೂ ತಣ್ಣಗಾಗುತ್ತದಂತೆ. ಗಾಜಿನ ಬಾಗಿಲ ಆಚೆ ಬೆತ್ತದವನು ಮಲಗಿದ್ದ, ಎಡ ತೋಳು ಹೊರಗೆ ಚಾಚಿ, ಕಣ್ಣು ಮುಚ್ಚಿ. ಗದ್ದ ನಡುಗುತ್ತಿತ್ತು.

ಬಾಗಿಲ ಈಚೆ ಮುದುಕಿ ನಿಂತಿದ್ದಳು. ಕೈಯಲ್ಲಿ ಮಡಿಸಿದ ಕಂಬಳಿ. ಕೈ ತೊಳೆದು ತೊಳೆದು ಚರ್ಮ ಬೆಳ್ಳಗೆ ಬಿರಿದಿತ್ತು. ಒಳಗಿನ ನರ್ಸು ಬಾಗಿಲು ತೆರೆದು, "ಬನ್ನಿ ಅಜ್ಜಿ, ನೀವೇ ಹೊದಿಸಿ," ಎಂದು ಎಷ್ಟೋ ಸಲ ಕರೆದಿದ್ದಾಳಂತೆ. ಮುದುಕಿ ಹೊಸ್ತಿಲು ದಾಟಿಲ್ಲ.

ನಮ್ಮವಳನ್ನು ನೋಡಿದೊಡನೆ ಕಂಬಳಿಯನ್ನು ಅವಳ ಕಡೆ ಚಾಚಿದಳು.

"ಒಗೆದಿದೀನಮ್ಮ. ಬಿಸಿ ನೀರಲ್ಲಿ ಅಲ್ಲ, ತಣ್ಣೀರಲ್ಲೇ. ಹೊದಿಸಬಹುದಾ ನೋಡಿ. ನೀವೇ ಹೊದಿಸಿ, ನಾನು ಮುಟ್ಟಲ್ಲ."

ನನ್ನ ಹೆಂಡತಿ ಆ ಕಂಬಳಿ ತೆಗೆದುಕೊಳ್ಳಲಿಲ್ಲ. "ಇದಕ್ಕೆ ಏನೂ ಆಗಲ್ಲಮ್ಮ. ನೀವೇ ಹೊದಿಸಿ," ಎಂದಳು. ಮುದುಕಿ ತಲೆ ಅಲ್ಲಾಡಿಸಿದಳು. "ಬನ್ನಿ, ನಾನೂ ಬರ್ತೀನಿ," ಎಂದು ನಮ್ಮವಳು ಅವಳ ಮೊಣಕೈ ಹಿಡಿದಳು. ಮುದುಕಿ ಇನ್ನೂ ಜೋರಾಗಿ ತಲೆ ಅಲ್ಲಾಡಿಸಿ, ಕಂಬಳಿಯನ್ನು ನಮ್ಮವಳ ಎದೆಗೆ ಒತ್ತಿ, ಕೈ ಹಿಂದೆಗೆದುಕೊಂಡಳು.

ನಮ್ಮವಳು ಒಳಗೆ ಹೋಗಿ ಹೊದಿಸಿದಳು, ಗದ್ದದವರೆಗೆ ಎಳೆದು, ಬದಿ ಮಡಚಿ. ಬೆತ್ತದವನು ಕಣ್ಣು ತೆರೆಯದೆಯೇ ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. ಎಳೆ ಪರೀಕ್ಷಿಸುತ್ತಿದ್ದನಲ್ಲ, ಹಾಗೆ. ಮನೆಯದೆಂದು ಗೊತ್ತಾಗಿರಬೇಕು.

"ಅಮ್ಮ?" ಎಂದ.

ಗಾಜಿನ ಈಚೆ ಮುದುಕಿಗೆ ಅದು ಕೇಳಿಸಲಿಲ್ಲ. ತುಟಿ ಅಲ್ಲಾಡಿದ್ದು ಕಂಡಿತು.

"ಏನಂತೆ? ಬೆಚ್ಚಗಿದೆಯಂತಾ?" ಎಂದು ನನ್ನನ್ನು ಕೇಳಿದಳು.

ಹೌದಂತೆ ಎಂದೆ.